ರಮಝಾನ್ 29ರ ಲೆಕ್ಕ ಕೊಡುವವರು ಯಾರು?

2023ರ ಎಪ್ರಿಲ್‌ನಲ್ಲಿ ಸುಮಾರು ಎರಡು ವಾರಗಳ ಕಾಲ ಕನ್ನಡ ಪತ್ರಿಕೆಗಳಲ್ಲಿ ಸುಡಾನ್ ಸುದ್ದಿಯಾಗಿತ್ತು. ಗಿಡಮೂಲಿಕೆ ಔಷಧ ಮಾರಲು ಅಲ್ಲಿಗೆ ಹೋಗಿದ್ದ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನರು ಯುದ್ಧದ ನಡುವೆ ಸಿಕ್ಕಿಬಿದ್ದದ್ದೇ ಅದಕ್ಕೆ ಕಾರಣ. ವಿಧಾನಸಭಾ ಚುನಾವಣೆಯ ಕಾಲವದು. ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಖಾರವಾಗಿ ಉತ್ತರಿಸಿದರು. ಆ ಬಳಿಕ 'ಆಪರೇಷನ್ ಕಾವೇರಿ'ಯ ಹಡಗುಗಳೂ ವಿಮಾನಗಳೂ ಮೂರೂವರೆ ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಸುರಕ್ಷಿತವಾಗಿ ಮರಳಿ ತಂದವು. ಒಳ್ಳೆಯದೇ ಆಯಿತು. ಆದರೆ ಕೊನೆಯ ವಿಮಾನ ಇಳಿದ ದಿನವೇ ಸುಡಾನ್ ಕೂಡಾ ನಮ್ಮ ಪುಟಗಳಿಂದ ಇಳಿದು ಹೋಯಿತು. ಉಳಿದದ್ದು ಒಂದೇ ಸಾಲು: 'ಅದು ಇಬ್ಬರು ಜನರಲ್‌ಗಳ ನಡುವಿನ ಅಧಿಕಾರದ ಕಿತ್ತಾಟ.'

ಈ ಸಾಲು ಸುಳ್ಳಲ್ಲ. ಆದರೆ ಅರ್ಧ ಸತ್ಯ. ಅರ್ಧ ಸತ್ಯ ಎಷ್ಟೋ ಬಾರಿ ಪೂರ್ಣ ಸುಳ್ಳಿಗಿಂತ ಅಪಾಯಕಾರಿ. ಆ ಇಬ್ಬರು ಜನರಲ್‌ಗಳೇನು ಆಕಾಶದಿಂದ ಉದುರಿದವರೇ? ಅವರನ್ನು ಕುರ್ಚಿಯ ಮೇಲೆ ಕೂರಿಸಿದವರು ಯಾರು? ಅವರ ಕೈಗೆ ಅಂಟಿದ್ದ ರಕ್ತ ಇನ್ನೂ ಒಣಗಿರದಿದ್ದಾಗಲೇ ಆ ಕೈಗಳನ್ನು ಕುಲುಕಿದವರು ಯಾರು? ಇದನ್ನು ತಿಳಿಯಬೇಕಾದರೆ 2023ರಿಂದಲ್ಲ, 2019ರಿಂದ ಓದಬೇಕು. ಆಧುನಿಕ ಸುಡಾನಿನ ಚರಿತ್ರೆಯಲ್ಲಿ ಅಷ್ಟು ಭರವಸೆಯನ್ನೂ ಅಷ್ಟು ಮೋಸವನ್ನೂ ಒಟ್ಟಿಗೆ ಕಂಡ ಇನ್ನೊಂದು ವರ್ಷವಿಲ್ಲ.

ಎಲ್ಲವೂ ಆರಂಭವಾದದ್ದು ರೊಟ್ಟಿಯಿಂದ. 2018ರ ಡಿಸೆಂಬರ್‌ನಲ್ಲಿ ಒಂದು ಪೌಂಡಿಗೆ ಸಿಗುತ್ತಿದ್ದ ರೊಟ್ಟಿಯ ಬೆಲೆ ಮೂರು ಪೌಂಡಿಗೆ ಏರಿತು. ಡಿಸೆಂಬರ್ 19ರಂದು ಉತ್ತರದ ಅತ್ಬರಾ ಪಟ್ಟಣದಲ್ಲಿ ಶಾಲಾ ವಿದ್ಯಾರ್ಥಿಗಳು ಬೀದಿಗಿಳಿದರು. ಸಂಜೆಯೊಳಗೆ ಆಳುವ ಪಕ್ಷದ ಕಚೇರಿ ಹೊತ್ತಿ ಉರಿಯುತ್ತಿತ್ತು. ಅತ್ಬರಾ ರೈಲ್ವೆ ಕಾರ್ಮಿಕರ ಊರು, ಬ್ರಿಟಿಷರ ಕಾಲದಿಂದಲೂ ಕಾರ್ಮಿಕ ಸಂಘಟನೆಯ ತವರು. ಅಲ್ಲಿ ಹೊತ್ತಿದ ಕಿಡಿ ಕೆಲವೇ ದಿನಗಳಲ್ಲಿ ರಾಜಧಾನಿ ಖಾರ್ತೂಮಿಗೂ ಹಬ್ಬಿತು. ವೈದ್ಯರು, ಶಿಕ್ಷಕರು, ವಕೀಲರು ಸೇರಿ ಕಟ್ಟಿಕೊಂಡಿದ್ದ ವೃತ್ತಿಪರರ ಒಕ್ಕೂಟ ಚಳವಳಿಯ ಚುಕ್ಕಾಣಿ ಹಿಡಿಯಿತು. ಅವರ ಘೋಷಣೆ ಎರಡೇ ಪದಗಳದ್ದು: 'ತಸ್ಗುತ್ ಬಸ್'. ಬಿದ್ದು ಹೋಗಲಿ, ಅಷ್ಟೇ ಸಾಕು ಎಂದು ಅದರ ಅರ್ಥ.

ಬೀಳಬೇಕಾಗಿದ್ದದ್ದು ಉಮರ್ ಅಲ್ ಬಶೀರ್ ಆಡಳಿತ. 1989ರ ಜೂನ್ 30ರಂದು ಚುನಾಯಿತ ಸರಕಾರವನ್ನು ಉರುಳಿಸಿ ಅಧಿಕಾರಕ್ಕೆ ಬಂದ ಈ ಸೇನಾಧಿಕಾರಿ ಮೂವತ್ತು ವರ್ಷ ದೇಶವನ್ನಾಳಿದ. ಆ ಕ್ಷಿಪ್ರಕ್ರಾಂತಿಯ ಹಿಂದಿನ ಮಿದುಳು ಹಸನ್ ಅಲ್ ತುರಾಬಿ. ಸಂಚು ಬಯಲಾಗಬಾರದೆಂದು ಬಶೀರ್ ಅರಮನೆಗೂ ತುರಾಬಿ ಜೈಲಿಗೂ ಹೋಗುವ ನಾಟಕವನ್ನು ಇಬ್ಬರೂ ಸೇರಿ ಆಡಿದರು. ಅಂದರೆ 'ಇಸ್ಲಾಮೀ ಆಡಳಿತ' ಎಂದು ಹೆಸರಿಟ್ಟುಕೊಂಡ ಈ ವ್ಯವಸ್ಥೆಯ ಮೊದಲ ರಾತ್ರಿಯೇ ಒಂದು ಸುಳ್ಳಿನ ರಾತ್ರಿಯಾಗಿತ್ತು!

ಇಲ್ಲಿ ನಮ್ಮವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಬಶೀರ್ ಅಮೆರಿಕವನ್ನು ಎದುರಿಸಿದ ಧೀರ, ಷರೀಅತ್ ಜಾರಿಗೆ ತಂದ ನಾಯಕ ಎಂದು ಕೊಂಡಾಡಿದ ಒಂದು ವರ್ಗ ನಮ್ಮ ನಡುವೆ ಇತ್ತು. 1998ರ ಆಗಸ್ಟ್‌ನಲ್ಲಿ ಅಮೆರಿಕ ಖಾರ್ತೂಮಿನ ಶಿಫಾ ಔಷಧ ಕಾರ್ಖಾನೆಯ ಮೇಲೆ ಕ್ಷಿಪಣಿ ಹಾರಿಸಿತು ನಿಜ. ಅದು ಅಪರಾಧವೇ. ಬಡ ದೇಶವೊಂದರ ಔಷಧಕ್ಕೆ ಬೆಂಕಿ ಇಟ್ಟ ಪಾಪ ಅದು. ಆದರೆ ಶತ್ರುವಿನ ಏಟು ತಿಂದವರೆಲ್ಲ ನ್ಯಾಯವಂತರಾಗುತ್ತಾರೆ ಎಂದು ಯಾವ ಧರ್ಮಶಾಸ್ತ್ರ ಹೇಳುತ್ತದೆ? ಅದೇ ಬಶೀರ್‌ನ ಆಡಳಿತವು ದಾರ್ಫುರ್‌ನಲ್ಲಿ ಬಂಡಾಯ ಅಡಗಿಸುವ ನೆಪದಲ್ಲಿ ಅರಬ್ ಬುಡಕಟ್ಟುಗಳ ಯುವಕರಿಗೆ ಬಂದೂಕು ಕೊಟ್ಟು ಜಂಜಾವೀದ್ ಎಂಬ ಕುದುರೆ ಸವಾರರ ದಂಡನ್ನು ಬೆಳೆಸಿತು. ವಿಶ್ವಸಂಸ್ಥೆಯ ಅಂದಾಜಿನಂತೆ ಸುಮಾರು ಮೂರು ಲಕ್ಷ ಜನ ಸತ್ತರು. ಸತ್ತ ಫುರ್, ಮಸಾಲಿತ್, ಝಘಾವಾ ಜನರೆಲ್ಲ ಯಾರು? ಐದು ಹೊತ್ತು ಕಿಬ್ಲಾದ ಕಡೆಗೆ ತಿರುಗುವವರೇ. ಕುರ್‌ಆನ್ ಕಂಠಪಾಠ ಮಾಡುವುದರಲ್ಲಿ ಸುಡಾನಿನಲ್ಲೇ ಹೆಸರಾದ ಊರುಗಳವು. ಸುಟ್ಟ ಹಳ್ಳಿಗಳಲ್ಲಿ ಮಸೀದಿಗಳೂ ಇದ್ದವು. ಕೊಂದವರಿಗೆ ಅವರ ನಂಬಿಕೆ ಕಾಣಿಸಲಿಲ್ಲ, ಚರ್ಮದ ಕಪ್ಪು ಮಾತ್ರ ಕಾಣಿಸಿತು.

2009ರಲ್ಲಿ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ಬಶೀರ್ ವಿರುದ್ಧ ವಾರಂಟ್ ಹೊರಡಿಸಿದಾಗ ಅರಬ್ ಮತ್ತು ಆಫ್ರಿಕನ್ ನಾಯಕರು ಆತನ ರಕ್ಷಣೆಗೆ ಸಾಲುಗಟ್ಟಿ ನಿಂತರು. ವಾರಂಟ್ ತಲೆಯ ಮೇಲಿದ್ದಾಗಲೇ, 2015ರ ಅಕ್ಟೋಬರ್‌ನಲ್ಲಿ, ಭಾರತ-ಆಫ್ರಿಕಾ ಶೃಂಗಸಭೆಗೆಂದು ದಿಲ್ಲಿಗೂ ಬಂದು ಕೆಂಪುಹಾಸಿನ ಮೇಲೆ ನಡೆದು ಹೋದ. ಧರ್ಮ ನೋಡಿ ಮಣೆ ಹಾಕುವವರೂ ವ್ಯಾಪಾರ ನೋಡಿ ಮಣೆ ಹಾಕುವವರೂ ಕೊನೆಗೆ ಒಂದೇ ಮಣೆಯನ್ನು ಹಾಕುತ್ತಾರೆ.

ಇನ್ನು ಷರೀಅತ್‌ನ ಮಾತು. ಸುಡಾನಿನಲ್ಲಿ ಅದನ್ನು ಮೊದಲು ಆಯುಧ ಮಾಡಿಕೊಂಡವರು ಬಶೀರ್‌ಗಿಂತ ಮುಂಚಿನ ಸರ್ವಾಧಿಕಾರಿ ಜಾಫರ್ ನುಮೈರಿ. 1983ರ ಸೆಪ್ಟೆಂಬರ್‌ನಲ್ಲಿ ತನ್ನ ಕುರ್ಚಿ ಅಲುಗಾಡತೊಡಗಿದಾಗ ಈತನಿಗೆ ದಿಢೀರನೆ ಧರ್ಮದ ನೆನಪಾಯಿತು. ಆ ಕಾನೂನುಗಳನ್ನು ವಿರೋಧಿಸಿದ ಎಪ್ಪತ್ತರ ಹರೆಯದ ಮುದುಕ ಮಹ್ಮೂದ್ ಮುಹಮ್ಮದ್ ತಾಹಾರನ್ನು 1985ರ ಜನವರಿ 18ರಂದು ಗಲ್ಲಿಗೇರಿಸಿದರು. ತಾಹಾರ ಧಾರ್ಮಿಕ ವಿಚಾರಗಳನ್ನು ಒಪ್ಪಬೇಕೆಂದಿಲ್ಲ. ಆದರೆ ಒಬ್ಬ ಮುದುಕನ ಮಾತಿಗೆ ಉತ್ತರವಾಗಿ ಹಗ್ಗ ಬಿಟ್ಟು ಬೇರೇನೂ ಇಲ್ಲದ ಸರಕಾರದಲ್ಲಿ ಯಾವ ಧರ್ಮ ಉಳಿದಿತ್ತು? ಮೂರು ತಿಂಗಳೊಳಗೆ ಜನರೇ ನುಮೈರಿಯನ್ನು ಕಿತ್ತೊಗೆದರು. ಬಶೀರ್ ಬಂದ ಮೇಲೆ 'ಸಾರ್ವಜನಿಕ ಶಿಸ್ತಿನ ಕಾನೂನು' ಎಂಬುದು ಬಂತು. ಪ್ಯಾಂಟು ತೊಟ್ಟದ್ದಕ್ಕಾಗಿ ಹೆಂಗಸರಿಗೆ ಛಡಿಯೇಟು ಕೊಡುವ ಕಾನೂನದು. 2009ರಲ್ಲಿ ಪತ್ರಕರ್ತೆ ಲುಬ್ನಾ ಹುಸೈನ್ ಇದನ್ನು ಪ್ರಶ್ನಿಸಿ ನಿಂತಾಗ ಜಗತ್ತಿಗೆ ವಿಷಯ ಗೊತ್ತಾಯಿತು. ಪ್ಯಾಂಟಿನ ಮೇಲೆ ಅಷ್ಟೊಂದು ಕಣ್ಣಿಟ್ಟಿದ್ದ ಆಡಳಿತಕ್ಕೆ ತನ್ನ ಮನೆಯೊಳಗಿನ ನೋಟಿನ ಕಟ್ಟುಗಳು ಕಾಣಿಸಿರಲಿಲ್ಲ. 2019ರಲ್ಲಿ ಬಶೀರ್‌ನ ನಿವಾಸದಲ್ಲಿ ಸಿಕ್ಕಿದ್ದು ಸುಮಾರು 70 ಲಕ್ಷ ಯೂರೋ! ಸೌದಿ ದೊರೆಗಳಿಂದ ಎರಡೂವರೆ ಕೋಟಿ ಡಾಲರ್ ಬಂದಿತ್ತು ಎಂದು ನ್ಯಾಯಾಲಯದಲ್ಲಿ ಆತನೇ ಒಪ್ಪಿಕೊಂಡ. ರೊಟ್ಟಿಗಾಗಿ ಜನ ಸರತಿ ನಿಂತಿದ್ದ ದೇಶದ ಅಧ್ಯಕ್ಷ ಈತ.

ಈಗ ಮತ್ತೆ 2019ಕ್ಕೆ ಬರೋಣ. ಎಪ್ರಿಲ್ 2ರಂದು ಅಲ್ಜೀರಿಯದಲ್ಲಿ ಬೂತಫ್ಲೀಕಾ ರಾಜೀನಾಮೆ ನೀಡಿದ ಸುದ್ದಿ ಬಂತು. ನಾಲ್ಕು ದಿನಗಳ ಬಳಿಕ, ನುಮೈರಿ ಬಿದ್ದ ದಿನದ ವಾರ್ಷಿಕೋತ್ಸವವಾದ ಎಪ್ರಿಲ್ 6ರಂದು, ಲಕ್ಷಾಂತರ ಜನರು ಖಾರ್ತೂಮಿನ ಸೇನಾ ಪ್ರಧಾನ ಕಚೇರಿಯ ಎದುರು ಸೇರಿ ಅಲ್ಲೇ ಕುಳಿತುಬಿಟ್ಟರು. ಮುಂದಿನ ಎಂಟು ವಾರ ಆ ಬೀದಿಗಳೇ ಒಂದು ಊರಾದವು. ಸಾಮೂಹಿಕ ಅಡುಗೆಮನೆ, ಔಷಧಾಲಯ, ಬೀದಿ ಮಕ್ಕಳಿಗೆ ಪಾಠ, ಗೋಡೆಯ ತುಂಬ ಚಿತ್ರ. ಬೀದಿ ಬದಿಯಲ್ಲಿ ಚಹಾ ಮಾರಿ ಬದುಕುವ, ಪೊಲೀಸರು ದಿನವೂ ಅಟ್ಟಾಡಿಸುತ್ತಿದ್ದ ಬಡ ಹೆಂಗಸರು ಅಲ್ಲಿ ಚಳವಳಿಗಾರರಿಗೆ ಚಹಾ ಕೊಡುತ್ತಿದ್ದರು. ಉರಿಬಿಸಿಲಲ್ಲಿ ನಮಾಝ್ ಮಾಡುವವರಿಗೆ ನೆರಳಾಗಲೆಂದು ಕಾಪ್ಟಿಕ್ ಕ್ರೈಸ್ತರು ಬಟ್ಟೆ ಎತ್ತಿ ಹಿಡಿದು ನಿಂತರು. ಎಪ್ರಿಲ್ 23ರಂದು ಅತ್ಬರಾದಿಂದ ಒಂದು ರೈಲು ಬಂತು. ಬೋಗಿಗಳ ಒಳಗೆ ಮಾತ್ರವಲ್ಲ, ಮಾಡಿನ ಮೇಲೂ ಜನ. ಬಿಳಿ ಸೀರೆಯಂಥ ತೌಬ್ ಉಟ್ಟು ಕಾರಿನ ಮೇಲೆ ನಿಂತು ಕೈಯೆತ್ತಿದ ವಿದ್ಯಾರ್ಥಿನಿ ಅಲಾ ಸಾಲಿಹ್‌ಳ ಚಿತ್ರ ಜಗತ್ತಿನೆಲ್ಲೆಡೆ ಹರಿದಾಡಿತು.

ಆ ಘೋಷಣೆಗಳ ಪೈಕಿ ಒಂದನ್ನು ವಿಶೇಷವಾಗಿ ನೆನಪಿಡಬೇಕು. ಗಲಭೆಗೆಲ್ಲ ದಾರ್ಫುರ್‌ನ ವಿದ್ಯಾರ್ಥಿಗಳೇ ಕಾರಣ ಎಂದು ಸರಕಾರ ಗೂಬೆ ಕೂರಿಸಲು ನೋಡಿತು. ಒಂದು ಪಂಗಡವನ್ನು ತೋರಿಸಿ ಉಳಿದವರನ್ನು ಹೆದರಿಸುವ ಆ ಹಳೆಯ ತಂತ್ರವನ್ನು ನಾವು ಭಾರತೀಯರು ಬೇರೆಯವರಿಂದ ಕಲಿಯಬೇಕಾಗಿಲ್ಲ. ಖಾರ್ತೂಮಿನ ಜನ ಏನು ಮಾಡಿದರು ಗೊತ್ತೇ? 'ಎಲವೋ ಜನಾಂಗವಾದಿ ದುರಹಂಕಾರಿಯೇ, ಇಡೀ ದೇಶವೇ ದಾರ್ಫುರ್' ಎಂದು ಕೂಗಿದರು. ದಾರ್ಫುರ್ ಉರಿಯುತ್ತಿದ್ದಾಗ ಇದೇ ರಾಜಧಾನಿ ಬಹುಮಟ್ಟಿಗೆ ಮೌನವಾಗಿತ್ತು. ಹದಿನೈದು ವರ್ಷಗಳ ಆ ಮೌನ ಮುರಿದದ್ದು ಈ ಒಂದು ಕೂಗಿನಲ್ಲಿ.

ಎಪ್ರಿಲ್ 11ರಂದು ಬಶೀರ್ ಪತನವಾಯಿತು. ಆದರೆ ಜನರು ಎಬ್ಬಿಸಿದ ಕುರ್ಚಿಯಲ್ಲಿ ಬಂದು ಕೂತವರು ಸೇನಾಪತಿಗಳೇ. ರಕ್ಷಣಾ ಸಚಿವ ಅವದ್ ಇಬ್ನ್ ಔಫ್ ಅಧಿಕಾರ ವಹಿಸಿಕೊಂಡರು, ಜನ ಎದ್ದು ಹೋಗಲಿಲ್ಲ, ಮರುದಿನವೇ ಆತ ಹೋದರು. ಆಗ ಮುಂದೆ ಬಂದವರು ಅಬ್ದುಲ್ ಫತ್ತಾಹ್ ಅಲ್ ಬುರ್ಹಾನ್. ಅವರಿಗೆ ಉಪನಾಯಕನಾಗಿ ಬಂದವನು ಮುಹಮ್ಮದ್ ಹಮ್ದಾನ್ ದಗಾಲೊ, ಜನರ ಬಾಯಲ್ಲಿ ಹೆಮೆದ್ತಿ. ಒಂದು ಕಾಲದ ಒಂಟೆ ವ್ಯಾಪಾರಿ. ಜಂಜಾವೀದ್ ದಂಡಿನ ನಾಯಕನಾಗಿ ಬೆಳೆದವನು. 2013ರಲ್ಲಿ ಬಶೀರ್ ಈ ದಂಡಿಗೆ ಸಮವಸ್ತ್ರ ತೊಡಿಸಿ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯನ್ನಾಗಿ ಮಾಡಿದ್ದ. ದಾರ್ಫುರ್‌ನ ಜಬಲ್ ಆಮಿರ್‌ನ ಚಿನ್ನದ ಗಣಿ ಹೆಮೆದ್ತಿಯ ಕೈಯಲ್ಲಿತ್ತು. ಯೆಮನ್ ಯುದ್ಧಕ್ಕೆ ಸೌದಿ ಮತ್ತು ಯುಎಇ ಒಕ್ಕೂಟದ ಪರವಾಗಿ ಬಾಡಿಗೆಗೆ ಸೈನಿಕರನ್ನು ಕಳುಹಿಸಿ ಗಳಿಸಿದ ಹಣವೂ ಇತ್ತು.

ಬಶೀರ್ ಬಿದ್ದು ಹತ್ತೇ ದಿನ. ಎಪ್ರಿಲ್ 21ರಂದು ಸೌದಿ ಅರೇಬಿಯ ಮತ್ತು ಯುಎಇ ಒಟ್ಟು 300 ಕೋಟಿ ಡಾಲರ್ ನೆರವು ಘೋಷಿಸಿದವು. ಬಿಸಿಲಲ್ಲಿ ಕುಳಿತಿದ್ದ ಜನರಿಗಲ್ಲ, ನೆರಳಲ್ಲಿ ಕುಳಿತಿದ್ದ ಜನರಲ್‌ಗಳಿಗೆ. ರೊಟ್ಟಿಗಾಗಿ ಜನ ಅಳುತ್ತಿದ್ದಾಗ ಬಾರದ ಆತುರ, ಆ ಜನ ಮತ ಕೇಳತೊಡಗಿದಾಗ ಬಂತು! ಒಂದು ಅರಬ್ ದೇಶದಲ್ಲಿ ಜನರು ತಮ್ಮ ಅರಸನನ್ನು ತಾವೇ ಇಳಿಸಬಹುದು ಎಂಬುದು ಗೊತ್ತಾದರೆ ಉಳಿದ ಅರಸರ ನಿದ್ದೆಯ ಗತಿಯೇನು? ನೆರವಿಗೆ 'ಸಹೋದರತೆ' ಎಂಬ ಚೀಟಿ ಅಂಟಿಸಲಾಗಿತ್ತು. ಆ ಚೀಟಿಯನ್ನು ಸುಡಾನಿನ ಜನರು ಓದದೆ ಬಿಡಲಿಲ್ಲ. ನಿಮ್ಮ ಹಣ ನಮಗೆ ಬೇಡ ಎಂದು ಪ್ರದರ್ಶನಕಾರರೇ ಘೋಷಣೆ ಕೂಗಿದರು.

ರಮಝಾನ್ ಬಂತು. ಬೀದಿಯಲ್ಲೇ ಇಫ್ತಾರ್, ಬೀದಿಯಲ್ಲೇ ತರಾವೀಹ್. ಮೇ ಕೊನೆಯಲ್ಲಿ ಎರಡು ದಿನಗಳ ಸಾರ್ವತ್ರಿಕ ಮುಷ್ಕರ ನಡೆದು ದೇಶವೇ ಸ್ತಬ್ಧವಾಯಿತು. ಜೂನ್ 3, ಉಪವಾಸದ 29ನೇ ದಿನ. ಬೆಳಗಿನ ಜಾವ ಮಳೆ ಸುರಿಯುತ್ತಿತ್ತು. ಹೆಮೆದ್ತಿಯ ಪಡೆ ಮತ್ತಿತರ ಭದ್ರತಾ ಪಡೆಗಳು ಸುತ್ತುವರಿದು ನುಗ್ಗಿದವು. ಡೇರೆಗಳಿಗೆ ಬೆಂಕಿ ಬಿತ್ತು. ಓಡಿದವರ ಬೆನ್ನಿಗೆ ಗುಂಡು ಬಿತ್ತು. ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. ಗಾಯಾಳುಗಳಿದ್ದ ಆಸ್ಪತ್ರೆಗಳಿಗೂ ಪಡೆಗಳು ನುಗ್ಗಿದವು. ವೈದ್ಯರ ಸಮಿತಿಯ ಲೆಕ್ಕದಲ್ಲಿ ಸತ್ತವರು ನೂರಕ್ಕೂ ಹೆಚ್ಚು. ಸುಮಾರು ನಲ್ವತ್ತು ದೇಹಗಳನ್ನು ನೈಲ್ ನದಿಯಿಂದ ಎತ್ತಲಾಯಿತು ಎಂದು ಅದೇ ಸಮಿತಿ ಹೇಳಿತು. ಸರಕಾರದ ಆರೋಗ್ಯ ಇಲಾಖೆಯ ಲೆಕ್ಕ 61. ಬಳಿಕ ಸರಕಾರಿ ತನಿಖೆಯ ಲೆಕ್ಕ 87. ಹೆಣಗಳ ಲೆಕ್ಕದಲ್ಲಿ ಇಷ್ಟು ಅಂತರ ಬರುವುದು ಎಣಿಸಲು ಬಾರದವರಿಂದಲ್ಲ, ಎಣಿಸಲು ಬಿಡದವರಿಂದ.

ಈದ್‌ಗೆಂದು ಮಕ್ಕಳಿಗೆ ಹೊಸ ಬಟ್ಟೆ ತಂದಿಟ್ಟಿದ್ದ ಮನೆಗಳು ಕಫನ್ ಹುಡುಕಿದವು. ಅಂದೇ ಇಂಟರ್‌ನೆಟ್ ಕಡಿದು ಹಾಕಲಾಯಿತು. ಒಂದು ತಿಂಗಳಿಗೂ ಹೆಚ್ಚು ಕಾಲ ಆ ಕತ್ತಲು ಉಳಿಯಿತು. ಭದ್ರತಾ ಮಂಡಳಿಯಲ್ಲಿ ಖಂಡನಾ ಹೇಳಿಕೆಯೊಂದು ಬರುವುದನ್ನೂ ಚೀನಾ ರಶ್ಯದ ಬೆಂಬಲದೊಂದಿಗೆ ತಡೆಯಿತು. ಆಫ್ರಿಕನ್ ಒಕ್ಕೂಟವೊಂದೇ ಮೂರು ದಿನಗಳಲ್ಲಿ ಸುಡಾನನ್ನು ಅಮಾನತು ಮಾಡಿ ಸ್ವಲ್ಪ ಮರ್ಯಾದೆ ಉಳಿಸಿತು. ಕೊಲ್ಲಲ್ಪಟ್ಟ ಯುವಕನೊಬ್ಬನಿಗೆ ಪ್ರಿಯವಾಗಿದ್ದ ನೀಲಿ ಬಣ್ಣವನ್ನು ಲಕ್ಷಾಂತರ ಜನರು ತಮ್ಮ ಫೇಸ್‌ಬುಕ್ ಪುಟದಲ್ಲಿ ಹಚ್ಚಿಕೊಂಡರು. ನೀಲಿ ಕೆಲವು ವಾರಗಳಲ್ಲಿ ಮಾಸಿತು.

ಜೂನ್ 13ರಂದು ಸೇನಾ ಮಂಡಳಿಯ ವಕ್ತಾರ ಶಂಸುದ್ದೀನ್ ಕಬ್ಬಾಶಿ ಸುದ್ದಿಗೋಷ್ಠಿ ಕರೆದರು. ಜಾಗ ತೆರವು ಮಾಡಲು ಯೋಜನೆ ರೂಪಿಸುವಂತೆ ಕಮಾಂಡರ್‌ಗಳಿಗೆ ನಾವೇ ಆದೇಶ ಕೊಟ್ಟೆವು, ಅವರು ಯೋಜಿಸಿ ಜಾರಿಗೊಳಿಸಿದರು, ಕೆಲವು ತಪ್ಪುಗಳಾದವು, ಆದದ್ದು ಆಯಿತು ಎಂಬುದು ಅವರ ಮಾತಿನ ಸಾರ. ಓದುಗರು ಗಮನಿಸಬೇಕು. ಇದು ಯಾವ ಪತ್ತೇದಾರನೂ ಕೆದಕಿ ತೆಗೆದ ಗುಟ್ಟಲ್ಲ, ಟಿವಿ ಕ್ಯಾಮರಾಗಳ ಮುಂದೆ ಆಡಿದ ಮಾತು. ಎರಡು ತಿಂಗಳ ನಂತರ ಇದೇ ಕಬ್ಬಾಶಿ ದೇಶದ ಅತ್ಯುನ್ನತ 'ಸಾರ್ವಭೌಮ ಮಂಡಳಿ'ಯ ಸದಸ್ಯರಾಗಿ ಪ್ರಮಾಣವಚನ ಸ್ವೀಕರಿಸಿದರು!

ಹತ್ಯಾಕಾಂಡದಿಂದ ಜನ ಹೆದರಿ ಮನೆ ಸೇರಿದರೇ? ಇಲ್ಲ. ಜೂನ್ 30ರಂದು, ಬಶೀರ್‌ನ ಕ್ಷಿಪ್ರಕ್ರಾಂತಿಗೆ ಮೂವತ್ತು ವರ್ಷ ತುಂಬಿದ ದಿನ, ಇಂಟರ್‌ನೆಟ್ ಇಲ್ಲದ ದೇಶದಲ್ಲಿ ಬಾಯಿಂದ ಬಾಯಿಗೆ ಸುದ್ದಿ ಹರಡಿ ಮತ್ತೆ ಲಕ್ಷಾಂತರ ಮಂದಿ ಬೀದಿಗಿಳಿದರು. ಸೇನೆ ಮಾತುಕತೆಗೆ ಬಗ್ಗಿದ್ದು ಆಗ. ಇಥಿಯೋಪಿಯ ಮತ್ತು ಆಫ್ರಿಕನ್ ಒಕ್ಕೂಟದ ಮಧ್ಯಸ್ಥಿಕೆಯಲ್ಲಿ ಆಗಸ್ಟ್ 17ರಂದು ಸಾಂವಿಧಾನಿಕ ಒಪ್ಪಂದಕ್ಕೆ ಸಹಿ ಬಿತ್ತು. ಸೈನಿಕರು ಐವರು, ನಾಗರಿಕರು ಐವರು, ಇಬ್ಬರಿಗೂ ಒಪ್ಪಿಗೆಯಾದ ಇನ್ನೊಬ್ಬರು. ಆ ಹನ್ನೊಂದನೆಯವರು ರಜಾ ನಿಕೋಲಾ ಎಂಬ ಕಾಪ್ಟಿಕ್ ಕ್ರೈಸ್ತ ಮಹಿಳೆ. ಅವಧಿ 39 ತಿಂಗಳು, ಮೊದಲ 21 ತಿಂಗಳ ಅಧ್ಯಕ್ಷತೆ ಸೇನೆಗೆ. ಸೇನೆಯ ಪರವಾಗಿ ಒಪ್ಪಂದಕ್ಕೆ ಸಹಿ ಹಾಕಿದವನು ಹೆಮೆದ್ತಿ. ಜೂನ್ 3ರ ಕೊಲೆಗಳ ತನಿಖೆಗೆ ಒಂದು ಸ್ವತಂತ್ರ ಸಮಿತಿ ರಚಿಸಬೇಕೆಂದು ಅದೇ ಒಪ್ಪಂದದಲ್ಲಿ ಬರೆದಿತ್ತು. ಕಳ್ಳನ ಮನೆಯಲ್ಲೇ ಪಂಚಾಯಿತಿ, ಕಳ್ಳನೇ ಅಧ್ಯಕ್ಷ!

ಆ ಒಪ್ಪಂದವನ್ನು ಸಮರ್ಥಿಸುವವರ ವಾದ ಹಗುರವಾದುದೇನಲ್ಲ. ಬಂದೂಕು ಇದ್ದದ್ದು ಅವರ ಕೈಯಲ್ಲಿ, ಬರಿಗೈಯವರು ಇನ್ನೆಷ್ಟು ದಿನ ಎದೆಯೊಡ್ಡಬೇಕಿತ್ತು, ಸಿರಿಯ-ಲಿಬಿಯಗಳ ಹಾದಿ ಬೇಡವೆಂದು ರಾಜಿ ಮಾಡಿಕೊಂಡರು ಎನ್ನುತ್ತಾರೆ. ಎದೆಯೊಡ್ಡಿದವರ ಮೇಲೆ ತಪ್ಪು ಹೊರಿಸುವ ಹಕ್ಕು ದೂರದಲ್ಲಿ ಕೂತು ಬರೆಯುವವರಿಗಿಲ್ಲ. ತಪ್ಪು ಇರುವುದು ಮಧ್ಯಸ್ಥಿಕೆಯ ಹೆಸರಿನಲ್ಲಿ ಅವಸರ ಮಾಡಿದವರದ್ದು. ರಾಜಿಗೆ ಸಾಕ್ಷಿಯಾಗಲು ದೊಡ್ಡ ದೇಶಗಳ ರಾಯಭಾರಿಗಳು ಓಡೋಡಿ ಬಂದರು. 'ಸ್ಥಿರತೆ' ಬಂತು ಎಂದು ಚಪ್ಪಾಳೆ ತಟ್ಟಿದರು. ಹಂತಕರ ಪಡೆ ಎಲ್ಲಿರಬೇಕು, ಅದರ ಚಿನ್ನ ಯಾರ ಕೈಯಲ್ಲಿರಬೇಕು ಎಂದು ಕೇಳುವ ಕಾಲ ಅದಾಗಿತ್ತು. ಯಾರೂ ಕೇಳಲಿಲ್ಲ. ಅಷ್ಟಕ್ಕೂ, ರಕ್ತಪಾತ ತಪ್ಪಿಸಲೆಂದು ಮಾಡಿಕೊಂಡ ರಾಜಿ ರಕ್ತಪಾತವನ್ನು ತಪ್ಪಿಸಿತೇ? ಬರೀ ಮುಂದೂಡಿತು, ಬಡ್ಡಿ ಸಮೇತ.

ಇಷ್ಟಾದರೂ ಆ ವರ್ಷದ ಕೊನೆಯ ನಾಲ್ಕು ತಿಂಗಳುಗಳಲ್ಲಿ ಸುಡಾನಿನ ನಾಗರಿಕರು ಮಾಡಿ ತೋರಿಸಿದ್ದು ಕಡಿಮೆಯಲ್ಲ. ಅರ್ಥಶಾಸ್ತ್ರಜ್ಞ ಅಬ್ದುಲ್ಲಾ ಹಮ್ದೂಕ್ ಪ್ರಧಾನಿಯಾದರು. ದೇಶದ ಚರಿತ್ರೆಯಲ್ಲೇ ಮೊದಲ ಬಾರಿಗೆ ಮಹಿಳೆಯೊಬ್ಬರು ವಿದೇಶಾಂಗ ಸಚಿವೆಯಾದರು, ಇನ್ನೊಬ್ಬರು ಮುಖ್ಯ ನ್ಯಾಯಾಧೀಶೆಯಾದರು. ನವೆಂಬರ್ ಕೊನೆಯಲ್ಲಿ ಛಡಿಯೇಟಿನ 'ಶಿಸ್ತಿನ ಕಾನೂನು' ರದ್ದಾಯಿತು. ಬಶೀರ್‌ನ ಪಕ್ಷ ವಿಸರ್ಜನೆಯಾಯಿತು. ಡಿಸೆಂಬರ್ 14ರಂದು ಭ್ರಷ್ಟಾಚಾರಕ್ಕಾಗಿ ಬಶೀರ್‌ಗೆ ಎರಡು ವರ್ಷಗಳ ಶಿಕ್ಷೆ ಬಿತ್ತು. ದಾರ್ಫುರ್‌ಗಾಗಿ ಅಲ್ಲ, ನೋಟಿಗಾಗಿ. ಡಿಸೆಂಬರ್ 30ರಂದು ಒಬ್ಬ ಶಾಲಾ ಶಿಕ್ಷಕರನ್ನು ಬಂಧನದಲ್ಲಿ ಹಿಂಸಿಸಿ ಕೊಂದ 27 ಗುಪ್ತಚರ ಸಿಬ್ಬಂದಿಗೆ ಮರಣದಂಡನೆ ಘೋಷಣೆಯಾಯಿತು. ಅಂದರೆ ಆ ನೆಲದ ನ್ಯಾಯಾಲಯಗಳಿಗೆ ತೀರ್ಪು ಕೊಡಲು ಬರುತ್ತಿತ್ತು. ಜೂನ್ 3ರ ಆದೇಶ ಕೊಟ್ಟವರ ಬಾಗಿಲಿಗೆ ಮಾತ್ರ ಅದು ಹೋಗಲಾರದಾಯಿತು. ಏಕೆಂದರೆ ಆ ಬಾಗಿಲು ಅರಮನೆಯ ಒಳಗಿತ್ತು.

ನಮ್ಮ ಪತ್ರಿಕೆಗಳಿಗೆ ಆ ಡಿಸೆಂಬರ್‌ನಲ್ಲಿ ಸುಡಾನಿನಿಂದ ಬಂದ ಸುದ್ದಿ ಬೇರೆಯದೇ. ಖಾರ್ತೂಮಿನ ಸಿರಾಮಿಕ್ ಕಾರ್ಖಾನೆಯೊಂದರಲ್ಲಿ ಗ್ಯಾಸ್ ಟ್ಯಾಂಕರ್ ಸ್ಫೋಟಿಸಿ ಇಪ್ಪತ್ತಕ್ಕೂ ಹೆಚ್ಚು ಕಾರ್ಮಿಕರು ಸುಟ್ಟು ಹೋದರು, ಅವರಲ್ಲಿ ಬಹಳಷ್ಟು ಮಂದಿ ಭಾರತೀಯರು. ಆಗಲೂ ಒಂದೆರಡು ದಿನ ಸುಡಾನ್ ನಮಗೆ ಹತ್ತಿರವಾಗಿತ್ತು. ವರ್ಷ ಮುಗಿಯುವ ಹೊತ್ತಿಗೆ, ಡಿಸೆಂಬರ್ 29 ಮತ್ತು 30ರಂದು, ಪಶ್ಚಿಮ ದಾರ್ಫುರ್‌ನ ಜುನೈನಾ ಪಟ್ಟಣದ ಕ್ರಿಂದಿಂಗ್ ನಿರಾಶ್ರಿತ ಶಿಬಿರದ ಮೇಲೆ ಸಶಸ್ತ್ರ ಗುಂಪುಗಳು ದಾಳಿ ಮಾಡಿ ಹತ್ತಾರು ಮಸಾಲಿತ್ ಜನರನ್ನು ಕೊಂದವು. ಸಾವಿರಾರು ಮಂದಿ ಗಡಿ ದಾಟಿ ಚಾಡ್‌ಗೆ ಓಡಿದರು. ಅದು ಎಲ್ಲಿಯೂ ದೊಡ್ಡ ಸುದ್ದಿಯಾಗಲಿಲ್ಲ. 'ಇಡೀ ದೇಶವೇ ದಾರ್ಫುರ್' ಎಂಬ ಮಾತು ಯಾರೂ ಬಯಸದ ಅರ್ಥದಲ್ಲಿ ನಿಜವಾಗಲಿತ್ತು.

ಮುಂದಿನದ್ದು ಎಲ್ಲರಿಗೂ ಗೊತ್ತಿರಬೇಕಾದದ್ದು, ಆದರೆ ಗೊತ್ತಿಲ್ಲದ್ದು. ಅಧ್ಯಕ್ಷತೆ ನಾಗರಿಕರಿಗೆ ಬರುವ ಕಾಲ ಹತ್ತಿರವಾಗುತ್ತಿದ್ದಂತೆ, 2021ರ ಅಕ್ಟೋಬರ್ 25ರಂದು, ಬುರ್ಹಾನ್ ಮತ್ತು ಹೆಮೆದ್ತಿ ಕೈಜೋಡಿಸಿ ಹಮ್ದೂಕ್‌ರನ್ನು ಬಂಧಿಸಿದರು. ಲೂಟಿಯ ಪಾಲಿನಲ್ಲಿ ಜಗಳ ಬಂದು 2023ರ ಎಪ್ರಿಲ್ 15ರಂದು, ಮತ್ತೆ ರಮಝಾನಿನ ಕೊನೆಯ ಹತ್ತರಲ್ಲಿ, ಪರಸ್ಪರ ಗುಂಡು ಹಾರಿಸಿಕೊಂಡರು. ಆ ವರ್ಷ ಜುನೈನಾ ಒಂದರಲ್ಲೇ ಹತ್ತರಿಂದ ಹದಿನೈದು ಸಾವಿರ ಜನ ಸತ್ತಿರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಅಂದಾಜಿಸಿತು. ಸತ್ತವರಲ್ಲಿ ಹೆಚ್ಚಿನವರು ಅದೇ ಮಸಾಲಿತ್ ಜನ. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿ ಮನೆ ಕಳೆದುಕೊಂಡರು. 2024ರ ಆಗಸ್ಟ್‌ನಲ್ಲಿ ಝಂಝಂ ಶಿಬಿರದಲ್ಲಿ ಕ್ಷಾಮ ಇರುವುದು ಅಧಿಕೃತವಾಗಿ ದೃಢಪಟ್ಟಿತು. ಐನೂರಕ್ಕೂ ಹೆಚ್ಚು ದಿನಗಳ ಮುತ್ತಿಗೆಯ ಬಳಿಕ 2025ರ ಅಕ್ಟೋಬರ್ 26ರಂದು ಅಲ್ ಫಾಶಿರ್ ನಗರ ಹೆಮೆದ್ತಿಯ ಪಡೆಗೆ ಬಿತ್ತು. ಅಲ್ಲಿನ ಒಂದು ಹೆರಿಗೆ ಆಸ್ಪತ್ರೆಯಲ್ಲೇ 460ಕ್ಕೂ ಹೆಚ್ಚು ಜನರ ಹತ್ಯೆಯಾದ ವರದಿಯನ್ನು ವಿಶ್ವ ಆರೋಗ್ಯ ಸಂಸ್ಥೆ ನೀಡಿತು. ಎದುರು ಪಾಳಯದ ಬುರ್ಹಾನ್ ಸೇನೆಯೂ ಸಂತೆ-ಮಾರುಕಟ್ಟೆಗಳ ಮೇಲೆ ವಿಮಾನದಿಂದ ಬಾಂಬು ಹಾಕಿದೆ. 2023ರಲ್ಲಿ ನಮ್ಮ ಹಕ್ಕಿಪಿಕ್ಕಿಗಳು ಸಿಕ್ಕಿಬಿದ್ದಿದ್ದು ಇದೇ ಅಲ್ ಫಾಶಿರ್‌ನಲ್ಲಿ. ಆಗ ನಮ್ಮ ಟಿವಿ ಚಾನೆಲ್‌ಗಳಿಗೆ ಈ ಊರಿನ ಹೆಸರು ಬಾಯಿಪಾಠವಾಗಿತ್ತು.

ಹೆಮೆದ್ತಿಯ ಪಡೆಗೆ ಶಸ್ತ್ರ ಎಲ್ಲಿಂದ? ಯುಎಇಯಿಂದ ಚಾಡ್ ಮೂಲಕ ಬರುತ್ತಿದೆ ಎಂಬ ಆರೋಪ ನಂಬಲರ್ಹವೆಂದು ವಿಶ್ವಸಂಸ್ಥೆಯ ತಜ್ಞರು 2024ರಲ್ಲೇ ಬರೆದರು. ಯುಎಇ ಅದನ್ನು ನಿರಾಕರಿಸುತ್ತಾ ಬಂದಿದೆ. ಸುಡಾನ್ ಈ ವಿಷಯವನ್ನು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ದಾಗ, 2025ರ ಮೇ ತಿಂಗಳಲ್ಲಿ, ವಿಚಾರಣೆಯ ಅಧಿಕಾರವೇ ತನಗಿಲ್ಲವೆಂದು ನ್ಯಾಯಾಲಯ ಅರ್ಜಿಯನ್ನು ಕೈಬಿಟ್ಟಿತು. ಅಂದರೆ ಆರೋಪ ಸುಳ್ಳೆಂದು ಸಾಬೀತಾದದ್ದಲ್ಲ, ಆರೋಪವನ್ನು ಕೇಳಲೇ ಇಲ್ಲ. ಸುಡಾನಿನ ಚಿನ್ನದ ಬಹುಪಾಲು ಹೋಗಿ ಸೇರುವುದು ದುಬೈಗೆ. ನಮ್ಮ ಕರಾವಳಿಯಲ್ಲಿ ದುಬೈ ಚಿನ್ನಕ್ಕಿರುವ ಮರ್ಯಾದೆ ಎಲ್ಲರಿಗೂ ಗೊತ್ತು. ಮದುವೆಗೆ ಬಂದ ಹೆಂಗಸರು ಮದುಮಗಳ ಕೊರಳ ಸರ ಎಷ್ಟು ಪವನಿನದೆಂದು ಕೇಳುತ್ತಾರೆ, ಯಾವ ಗಣಿಯದೆಂದು ಕೇಳುವವರನ್ನು ನಾನು ಕಂಡಿಲ್ಲ.

ಗಾಝಾದ ಮಕ್ಕಳಿಗಾಗಿ ನಮ್ಮ ಊರುಗಳಲ್ಲಿ ಪ್ರತಿಭಟನೆ ನಡೆಯುತ್ತದೆ, ಮಿಂಬರ್‌ಗಳಿಂದ ದುಆ ಕೇಳಿಬರುತ್ತದೆ. ನಡೆಯಲೇಬೇಕು. ಆದರೆ ಅಲ್ ಫಾಶಿರ್‌ಗಾಗಿ ಎಷ್ಟು ಮಿಂಬರ್‌ಗಳಲ್ಲಿ ದನಿ ಎದ್ದಿತು? ಕೊಂದವನ ಹೆಸರೂ ಮುಹಮ್ಮದ್, ಸತ್ತವನ ಹೆಸರೂ ಮುಹಮ್ಮದ್. ಹಣ ಕೊಟ್ಟವರೆಂದು ಆರೋಪ ಹೊತ್ತವರು ನಮ್ಮ ಮಕ್ಕಳಿಗೆ ಕೆಲಸ ಕೊಟ್ಟವರು. ಬೈಯಲು ಅನುಕೂಲವಾದ ಶತ್ರು ಇಲ್ಲದ ಕಡೆ ನಮ್ಮ ಕಣ್ಣೀರಿಗೂ ದಾರಿ ಸಿಗುವುದಿಲ್ಲವೇ? ಹಾಗಾದರೆ ನಾವು ಅಳುವುದು ಸತ್ತವರಿಗಾಗಿಯೋ, ಕೊಂದವರ ಮೇಲಿನ ಸಿಟ್ಟಿಗಾಗಿಯೋ?

ಇತ್ತ ಇನ್ನೊಂದು ಬಣಕ್ಕೂ ಹೇಳುವುದಿದೆ. 'ಆ ಜನಕ್ಕೆ ಪ್ರಜಾಪ್ರಭುತ್ವ ಒಗ್ಗುವುದಿಲ್ಲ, ಅವರ ಧರ್ಮದಲ್ಲೇ ಅದಿಲ್ಲ' ಎಂದು ನಮ್ಮ ಅಂಕಣಕಾರರು ಚಹಾ ಹೀರುತ್ತಾ ಬರೆದುಬಿಡುತ್ತಾರೆ. ಸುಡಾನಿನ ಮೊದಲ ಸಾರ್ವತ್ರಿಕ ಚುನಾವಣೆ ನಡೆದದ್ದು 1953ರಲ್ಲಿ. ಅದನ್ನು ನಡೆಸಿಕೊಟ್ಟ ಆಯೋಗದ ಮುಖ್ಯಸ್ಥರು ಭಾರತದ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. 1964ರಲ್ಲಿ ಜನರಲ್ ಅಬ್ಬೂದ್‌ರನ್ನು, 1985ರಲ್ಲಿ ನುಮೈರಿಯನ್ನು, 2019ರಲ್ಲಿ ಬಶೀರ್‌ನನ್ನು ಇದೇ ಜನ ಬರಿಗೈಯಲ್ಲಿ ಇಳಿಸಿದರು. ಮೂರು ಸರ್ವಾಧಿಕಾರಿಗಳನ್ನು ಬೀದಿಯಿಂದಲೇ ಇಳಿಸಿದ ಜನಕ್ಕೆ ಪ್ರಜಾಪ್ರಭುತ್ವದ ಪಾಠ ಹೇಳುವವರು ತಾವು ಎಷ್ಟು ಮಂದಿಯನ್ನು ಇಳಿಸಿದ್ದಾರೆಂದು ಎಣಿಸಿಕೊಂಡರೆ ಒಳ್ಳೆಯದು.

ಜೂನ್ 3ರ ತನಿಖಾ ಸಮಿತಿ 2019ರ ಅಕ್ಟೋಬರ್‌ನಲ್ಲಿ ರಚನೆಯಾಯಿತು. ಅಧ್ಯಕ್ಷರು ಮಾನವ ಹಕ್ಕುಗಳ ವಕೀಲ ನಬೀಲ್ ಅದೀಬ್. ವರದಿಗೆ ಕೊಟ್ಟಿದ್ದ ಗಡುವು ಮೂರು ತಿಂಗಳು. ಅದನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. ಸತ್ತವರ ತಾಯಂದಿರು ಮಗನ ಫೋಟೋ ಹಿಡಿದು ಪ್ರತಿ ವರ್ಷ ರಮಝಾನ್ 29ರಂದು ಬೀದಿಗೆ ಬಂದರು. 2022ರ ಮಾರ್ಚ್‌ನಲ್ಲಿ ಭದ್ರತಾ ಪಡೆಗಳು ಸಮಿತಿಯ ಕಚೇರಿಯನ್ನೇ ವಶಪಡಿಸಿಕೊಂಡ ಬಳಿಕ ಸಮಿತಿ ತನ್ನ ಕೆಲಸ ನಿಲ್ಲಿಸುವುದಾಗಿ ಪ್ರಕಟಿಸಿತು. ಮರುವರ್ಷ ಯುದ್ಧ ಬಂತು. ವರದಿ ಬರಲಿಲ್ಲ.